ಮೊದಲು ಟ್ರಾನ್ಸ್‌ಫಾರ್ಮರ್ ನೋಡು

ವಿಜಯನಗರ, ಬೆಂಗಳೂರು

ಪ್ರೀತಿಯ ಸುಹಾಸನಿಗೆ ಅತ್ತೆಯ ಆಶೀರ್ವಾದ.

ಆಂಪ್ಲಿಫೈಯರ್ ನೀನೇ ಮಾಡಲು ಹೊರಟಿದ್ದೀಯಂತೆ. ನಿಮ್ಮಪ್ಪ ಫೋನಿನಲ್ಲಿ ಗೊಣಗಿದ. ಅವನು ಗೊಣಗಲಿ, ನೀನು ಮಾಡು. ಆದರೆ ನೂರು ವ್ಯಾಟ್ ಬೇಕು ಅಂದಿದ್ದೀಯಲ್ಲ, ಅದು ಬೇಡ. ನಿನ್ನ ಆ ಪುಟ್ಟ ರೂಮಿನಲ್ಲಿ ಐದಾರು ವ್ಯಾಟ್‌ಗೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಟಿಡಿಎ 2030 ಅನ್ನುವ ಆಂಪ್ಲಿಫೈಯರ್ ಐಸಿ (ಚಿಪ್) ತಗೋ, ಐದು ಕಾಲಿನದ್ದು. ಹಳೆಯದು, ಅಗ್ಗ. ಸುತ್ತ ಒಂದಷ್ಟು ರೆಸಿಸ್ಟರ್, ಕೆಪಾಸಿಟರ್ ಇದ್ದರೆ ಸಾಕು. ನಕಲಿ ಜಾಸ್ತಿ ಓಡಾಡುತ್ತವೆ, ಅದಕ್ಕೇ ಒಂದೆರಡು ಹೆಚ್ಚಿಗೆ ಇರಲಿ. ಸ್ಟೀರಿಯೋ ಆಮೇಲೆ, ಮೊದಲು ಒಂದು ಚಾನೆಲ್ ಹಾಡಲಿ.

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಿನ್ನ ದುಡ್ಡು ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು. ಕೇಳಿದರೆ 12-0-12, ಅಂದರೆ ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಕೊಡುವುದು, ತೆಗೆದು ಕೊಡುತ್ತಾರೆ. ಸ್ವಲ್ಪ ಲೆಕ್ಕ ಹಾಕು. ಆ 12 ಎಸಿ ಲೆಕ್ಕ, ಐಸಿಗೆ ಬೇಕಾದ್ದು ಡಿಸಿ. ಡಯೋಡ್ ದಾಟಿ ಕೆಪಾಸಿಟರ್ ತುಂಬಿದಾಗ ಅದು 1.4 ಪಟ್ಟಾಗಿ 16 ದಾಟುತ್ತದೆ. ಲೋಡ್ ಇಲ್ಲದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್ ಇನ್ನೂ ಮೇಲೆ ಹೋಗುತ್ತದೆ. ರಾತ್ರಿ ಲೈನ್ 230 ಬಿಟ್ಟು 245ಕ್ಕೆ ಏರಿತು ಅಂದರೆ 18 ಮೀರಿತು. ಈ ಐಸಿ ತಡೆಯುವುದೇ ಪ್ಲಸ್ ಮೈನಸ್ 18. ಹಾಡು ಹಾಕದೆ ಸುಮ್ನೆ ಆನ್ ಮಾಡಿಟ್ಟಾಗಲೇ ಹೋಗಿಬಿಡಬಹುದು! 9-0-9, 2 ಆಂಪ್ ಕೇಳು. ಎರಡೂ ಕಡೆ 12 ವೋಲ್ಟ್ ಹತ್ತಿರ ಬರುತ್ತದೆ, 8 ಓಮ್ ಸ್ಪೀಕರಿಗೆ ಐದಾರು ವ್ಯಾಟ್. 25 ವೋಲ್ಟಿನ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಪ್ಲಸ್ ಕಡೆಗೊಂದು, ಮೈನಸ್ ಕಡೆಗೊಂದು. ಸ್ಪೀಕರ್ ಗ್ರೌಂಡು (ಸೊನ್ನೆ ವೋಲ್ಟಿನ ತಂತಿ), ಇನ್‌ಪುಟ್ ಗ್ರೌಂಡು ಎರಡನ್ನೂ ಬೇರೆ ಬೇರೆ ವೈರಿನಲ್ಲಿ ಆ ಕೆಪಾಸಿಟರ್‌ಗಳು ಸೇರುವ ಜಾಗಕ್ಕೇ ತಂದು ಹಾಕು. ಗುಂಯ್ ಅನ್ನುವ ಸದ್ದು ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ.

ಐಸಿಯ ಬೆನ್ನಿನ ತಗಡು ಒಳಗಡೆ ಮೂರನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ, ಸೇರಿರುತ್ತದೆ. ಬಿಸಿ ಎಳೆದುಕೊಳ್ಳುವ ಹೀಟ್ ಸಿಂಕನ್ನು ಅರ್ಥ್ ಆದ ಲೋಹದ ಡಬ್ಬಕ್ಕೆ ಬಿಗಿದು ಅದರ ಮೇಲೆ ಐಸಿಯನ್ನು ನೇರ ಕೂರಿಸಿದರೆ ಶಾರ್ಟ್. ನಡುವೆ ಮೈಕಾ ಶೀಟ್, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್, ಎರಡೂ ಕಡೆ ತೆಳ್ಳಗೆ ಹೀಟ್ ಸಿಂಕ್ ಪೇಸ್ಟ್. ಬೆಣ್ಣೆ ಮೆತ್ತಿದ ಹಾಗೆ ಮೆತ್ತಬೇಡ. ಬಿಗಿದ ಮೇಲೆ ತಗಡಿಗೂ ಹೀಟ್ ಸಿಂಕಿಗೂ ಮೀಟರ್ ಇಟ್ಟು ನೋಡು, ಬೀಪ್ ಬರಬಾರದು.

ಔಟ್‌ಪುಟ್‌ನಲ್ಲಿ 1 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಜೋಡಿ ಇರುತ್ತದೆ. ಇಲ್ಲದೆಯೂ ಹಾಡುತ್ತಲ್ವಾ ಅಂತ ಬಿಡಬೇಡ. ಕಿವಿಗೆ ಕೇಳದ ಓಸಿಲೇಷನ್ (ತನ್ನಷ್ಟಕ್ಕೇ ಕಂಪಿಸುವುದು) ಶುರುವಾಗಿ ಐಸಿ ಸುಮ್ಮಸುಮ್ಮನೆ ಕಾಯುತ್ತದೆ.

ಸೋಲ್ಡರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್ಡು, ಕಾಲು ಎರಡೂ ಕಾದ ಮೇಲೆ ಲೆಡ್ (ಸೋಲ್ಡರ್ ತಂತಿ) ತೋರಿಸು. ಮಂಕಾಗಿ ಉಂಡೆ ಕಟ್ಟಿದರೆ ಡ್ರೈ ಸೋಲ್ಡರ್, ಮತ್ತೆ ಮಾಡು. ಫ್ಯಾಕ್ಟರಿಯಲ್ಲಿ ನಾವು ದಿನವಿಡೀ ಇದನ್ನೇ ಮಾಡುತ್ತಿದ್ದೆವು, ಮಾತಾಡಿಕೊಂಡೇ.

230 ವೋಲ್ಟ್ ಕಡೆ ಮಾತ್ರ ಆಟ ಬೇಡ. ಅರ್ಧ ಆಂಪ್ ಫ್ಯೂಸ್ ಹಾಕು, ಪ್ರತಿ ಜಾಯಿಂಟಿಗೆ ಸ್ಲೀವ್ ಹಾಕು. ಪ್ಲಗ್ ಮೂರು ಪಿನ್ನಿನದೇ ಇರಲಿ, ಅದರ ಅರ್ಥ್ ವೈರು ಡಬ್ಬಕ್ಕೆ. ಮೊದಲ ಸಲ ಆನ್ ಮಾಡುವಾಗ 230 ವೋಲ್ಟ್ ಲೈನಿಗೆ ಸೀರೀಸ್‌ನಲ್ಲಿ 60 ವ್ಯಾಟ್ ಬಲ್ಬ್ ಇರಬೇಕು. ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿದರೆ ಪ್ಲಗ್ ಕಿತ್ತು ಶಾರ್ಟ್ ಹುಡುಕು. ಆಮೇಲೂ ಸ್ಪೀಕರ್ ಹಾಕಬೇಡ. ಇನ್‌ಪುಟ್ ತಂತಿಯನ್ನು ಗ್ರೌಂಡಿಗೆ ಸೇರಿಸಿ ಔಟ್‌ಪುಟ್‌ನಲ್ಲಿ ಡಿಸಿ ನೋಡು. ಕೆಲವು ಮಿಲಿವೋಲ್ಟ್ ಇದ್ದರೆ ಪರವಾಗಿಲ್ಲ. ವೋಲ್ಟ್‌ಗಟ್ಟಲೆ ಇದ್ದರೆ ಸ್ಪೀಕರಿನ ಕಾಯಿಲ್ ಸುಟ್ಟು ಹೋಗುತ್ತದೆ.

ಆ ಸೀರೀಸ್ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬು ಆಗುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ನನ್ನ ಹತ್ತಿರ ಹೋಲ್ಡರ್ ಸಮೇತ ಬೋರ್ಡ್ ಇದೆ, ಶನಿವಾರ ಬಂದು ತಗೊಂಡು ಹೋಗು. ಬರುವಾಗ ನಿಮ್ಮಮ್ಮನ ಹತ್ತಿರ ಇರುವ ನನ್ನ ಸ್ಟೀಲ್ ಡಬ್ಬಿ ತಾ.

ನಿನ್ನ ಅತ್ತೆ