ಗುಂಡುತೋಪಿನ ಹಳೇ ಮರಗಳನ್ನು ಹರಾಜಿನಿಂದ ಕೈಬಿಡುವಂತೆ ಮನವಿ

ಇವರಿಗೆ,
ಅಧ್ಯಕ್ಷರು, ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ.

ಇವರಿಂದ: ಗುಂಡುತೋಪಿನ ಸುತ್ತಲಿನ ನಿವಾಸಿಗಳು ಮತ್ತು ರೈತರು.

ಮಾನ್ಯರೇ,

ಕೆರೆ ಪಕ್ಕದ ನಮ್ಮ ಗುಂಡುತೋಪಿನಲ್ಲಿ ಪೊಟರೆ ಬಿದ್ದ, ಅರ್ಧ ಒಣಗಿದ ಮಾವು, ಹುಣಸೆ, ಹಿಪ್ಪೆ ಮರಗಳಿಗೆ ಗುರುತು ಹಾಕಲಾಗಿದೆ. ಅವನ್ನು ಸೌದೆಗೆ ಹರಾಜು ಹಾಕಿ, ಆ ಜಾಗದಲ್ಲಿ ಕಸಿ ಮಾವು ನೆಡುವ ಯೋಚನೆ ಇದೆ ಎಂದು ತಿಳಿಯಿತು. ಗಿಡ ನೆಡುವುದು ಒಳ್ಳೆಯ ಕೆಲಸವೇ. ಅದಕ್ಕಾಗಿ ಹಳೇ ಮರ ಕಡಿಯುವುದು ಬೇಡ ಎಂದು ಕೇಳಿಕೊಳ್ಳಲು ಈ ಪತ್ರ.

ನಮ್ಮ ತಾಲ್ಲೂಕಿನಲ್ಲಿ ಕಸಿ ಮಾವಿಗೆ ಕೊರತೆ ಇಲ್ಲ. ಎತ್ತ ನೋಡಿದರೂ ಬಾದಾಮಿ, ತೋತಾಪುರಿ ತೋಟ. ಕೊಂಬೆ ಸವರಿ, ಔಷಧಿ ಹೊಡೆದು ಬೆಳೆಸುವ ತೋಟಗಳವು. ತೋಪಿನವು ವಾಟೆಯಿಂದ, ಅಂದರೆ ಗೊರಟೆಯಿಂದ, ಹುಟ್ಟಿದ ನಾಟಿ ಮರಗಳು. ಒಂದರ ಕಾಯಿ ಇನ್ನೊಂದರಂತೆ ಇಲ್ಲ. ಒಂದು ಉಪ್ಪಿನಕಾಯಿಗೆ, ಒಂದು ಚಿತ್ರಾನ್ನಕ್ಕೆ, ಮತ್ತೊಂದು ಚೀಪಿ ತಿನ್ನಲು. ಕಡಿದ ಮೇಲೆ ಇವನ್ನು ಯಾವ ನರ್ಸರಿಯಿಂದ ತರುತ್ತೀರಿ?

ಪೊಟರೆ ಬಿದ್ದರೆ ಮರ ಕೆಟ್ಟಿತು ಎನ್ನುವವರು ಜಾಸ್ತಿ. ನಮ್ಮ ಪ್ರಕಾರ ತೋಪಿನಲ್ಲಿ ಬೆಲೆಬಾಳುವ ಮರ ಅದೇ. ಮರಕುಟಿಗವೂ ಕುಟ್ರು ಹಕ್ಕಿಯೂ ಒಣಗಿ ಮೆತ್ತಗಾದ ಕೊಂಬೆಯನ್ನು ಹುಡುಕಿ ಗೂಡು ಕೊರೆಯುತ್ತವೆ. ಅವು ಬಿಟ್ಟ ಗೂಡಿಗೆ ಮಡಿವಾಳ ಹಕ್ಕಿ, ಮೈನಾ ಸೇರಿಕೊಳ್ಳುತ್ತವೆ. ದೊಡ್ಡ ಪೊಟರೆಗಳಲ್ಲಿ ಗಿಳಿ, ಹಾಲಕ್ಕಿ ಗೂಬೆ ಮರಿ ಮಾಡುತ್ತವೆ. ಆ ಗೂಬೆ ರಾತ್ರಿ ನಮ್ಮ ರಾಗಿ ಹೊಲದಲ್ಲಿ ಇಲಿ, ಹುಳು ಹಿಡಿಯುತ್ತದೆ. ತುಡುವೆ ಜೇನಿಗೂ ಇಂಥ ಕತ್ತಲ ಗೂಡೇ ಬೇಕು. ಇಂದು ನೆಟ್ಟ ಗಿಡದಲ್ಲಿ ಇಂಥ ಪೊಟರೆ ಕಾಣಲು ಎಷ್ಟೋ ದಶಕ ಕಾಯಬೇಕು.

ಹುಣಸೆ ಮರದ ಬಾವಲಿಗಳ ಮೇಲೆ ಕೆಲವರಿಗೆ ಸಿಟ್ಟಿದೆ. ಸುಮ್ನೆ ಅಲ್ಲ, ಮಾಗಿದ ಹಣ್ಣನ್ನು ಅವು ತಿನ್ನುವುದು ನಿಜ. ಆದರೆ ಹಿಪ್ಪೆ ಹೂವಿನ ಪರಾಗ ಸಾಗಿಸುವುದೂ, ಬೀಜ ದೂರ ಒಯ್ದು ಹಾಕುವುದೂ ಅವೇ. ಹಿಂದೆ ಹಣ್ಣು ತಿನ್ನುವ ಬಾವಲಿಯನ್ನು ಇಲಿ, ಕಾಗೆಯ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿದ್ದರು. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆಯಿತು. ಬಾವಲಿಗಳು ಇರುವ ಮರ ಕಡಿದರೆ ಅವು ಊರೊಳಗೋ ತೋಟಕ್ಕೋ ಬರುತ್ತವೆ, ಅಲ್ವಾ?

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರ ಘೋಷಿಸಿತು. ದೇಶಕ್ಕೇ ಅದು ಮೊದಲನೆಯದು. ಅಲ್ಲಿನ ಮುದಿ ಮರಗಳ ಬೊಡ್ಡೆಗಳೂ ಟೊಳ್ಳೇ. ನಮ್ಮ ತೋಪು ಅಷ್ಟು ಹೆಸರಾದದ್ದಲ್ಲ, ಆದರೂ ಊರಿನ ಆಸ್ತಿ. ಇಂಥ ಸಾಮೂಹಿಕ ಜಾಗಗಳನ್ನು ಊರಿಗೇ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಹರಾಜನ್ನು ತಕ್ಷಣ ನಿಲ್ಲಿಸಬೇಕು. ದಾರಿಯ ಮೇಲೆ ಬೀಳುವಂತಿರುವ ಕೊಂಬೆ ಇದ್ದರೆ ಅರಣ್ಯ ಇಲಾಖೆಯವರಿಗೆ ತೋರಿಸಿ ಅಷ್ಟನ್ನೇ ತೆಗೆಸಿ, ಅದೂ ಮರಿ ಮಾಡುವ ಕಾಲ ಕಳೆದ ಮೇಲೆ. ತೋಪಿನ ಅಳತೆ ಮಾಡಿಸಿ ಹದ್ದುಬಸ್ತು ಕಲ್ಲು ನೆಡಿಸಿ, ಒತ್ತುವರಿ ಇದ್ದರೆ ಬಿಡಿಸಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಈ ಮರಗಳನ್ನೂ ಹಕ್ಕಿಗಳನ್ನೂ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲಿ. ತರಗೆಲೆಗೆ ಬೆಂಕಿ ಹಾಕುವುದು ನಿಲ್ಲಲಿ.

ಖಾಲಿ ಜಾಗಕ್ಕೆ ಗಿಡ ಬೇಕಾದರೆ ಇದೇ ಮರಗಳ ವಾಟೆ, ಹುಣಸೆ ಬೀಜದಿಂದ ಸಸಿ ಮಾಡಿ ಕೊಡಲು ನಾವು ಸಿದ್ಧ. ಬೇಸಿಗೆಯಲ್ಲಿ ನೀರು ಹಾಕುವ ಜವಾಬ್ದಾರಿಯೂ ನಮ್ಮದೇ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ತೆಗೆದುಕೊಂಡು, ತೀರ್ಮಾನವನ್ನು ನಮಗೆ ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗುಂಡುತೋಪಿನ ಸುತ್ತಲಿನ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)