ಮಕ್ಕಳ ಫುಟ್‌ಬಾಲ್ ಪಂದ್ಯಕ್ಕೆ ಬರುವ ಅಪ್ಪ ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂದಿನ ಪಂದ್ಯದಿಂದ ಗೆರೆಯಾಚೆ ನಿಂತು ‘ಓಡು’, ‘ಪಾಸ್ ಕೊಡು’, ‘ಹೊಡಿ’ ಅಂತ ಕೂಗಬೇಡಿ. ಚಪ್ಪಾಳೆ ಎಷ್ಟು ಬೇಕಾದರೂ ತಟ್ಟಿ. ಕೋಚ್ ಒಂದು ಹೇಳುತ್ತಾರೆ, ಅಪ್ಪ ಇನ್ನೊಂದು ಕೂಗುತ್ತಾರೆ. ಮಗು ಚೆಂಡು ಬಿಟ್ಟು ನಮ್ಮ ಮುಖ ನೋಡುತ್ತದೆ. ಅಷ್ಟರಲ್ಲಿ ಚೆಂಡು ಎದುರಿನವರ ಕಾಲಲ್ಲಿ. ಆಮೇಲೆ ಅದಕ್ಕೂ ಬೈಗುಳ!

ಸೋತ ದಿನ ದಾರಿಯುದ್ದಕ್ಕೂ ತಪ್ಪು ಎಣಿಸಬೇಡಿ. ಶೂ ಬಿಚ್ಚುವ ಮೊದಲೇ ಪಾಠ ಶುರುವಾದರೆ ಯಾರಿಗೆ ತಾನೇ ಆಟ ಬೇಕೆನಿಸುತ್ತದೆ? ಹಸಿವಾಗಿದೆಯಾ ಅಂತ ಕೇಳಿ, ಸಾಕು. ಆಟದ ಮಾತು ಅವರೇ ತೆಗೆಯಲಿ.

ಇನ್ನು ಎಕ್ಸ್‌ಟ್ರಾ ಕೋಚಿಂಗ್ ವಿಷಯ. ವಾರಕ್ಕೆ 1–2 ದಿನ ಬಿಡುವು ಇರಲೇಬೇಕು ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಬೆಳೆಯುವ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ಒಂದೇ ಥರದ ಓಟ, ಒದೆತ ಜಾಸ್ತಿಯಾದರೆ ಪೆಟ್ಟು ಬೀಳುವುದು ಅಲ್ಲೇ. ಹಿಮ್ಮಡಿ ನೋವು, ಮಂಡಿ ನೋವು ಅಂದರೆ ಸುಮ್ನೆ ನೆಪ ಅಂದುಕೊಳ್ಳಬೇಡಿ. ಆ ದಿನ ಆಡಿಸಬೇಡಿ, ಕೋಚ್‌ಗೆ ತಿಳಿಸಿ.

ನಮ್ಮ ಮಗುವನ್ನು ಯಾಕೆ ಆಡಿಸಲಿಲ್ಲ ಎಂಬ ತಕರಾರಿದ್ದರೆ ಕೋಚ್ ಜೊತೆ ನೇರವಾಗಿ ಮಾತಾಡಿ. ಮಕ್ಕಳ ಎದುರು ಬೇಡ, ಈ ಗುಂಪಿನಲ್ಲಂತೂ ಬೇಡವೇ ಬೇಡ.