ಅಪ್ಪಾಜಿಗೆ, ಮೊಹಾವಿ ಮರುಭೂಮಿಯಿಂದ

ಅಪ್ಪಾಜಿ, ಅವ್ವ,

ನಾನಿಲ್ಲಿ ಚೆನ್ನಾಗಿದೀನಿ. ಅವ್ವ ಕಳ್ಸಿದ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಇಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಈ ಮೊಹಾವಿ ಮರುಭೂಮಿಲಿ ಗಾಡಿ ಎಲ್ಲಿ ಓಡಿಸ್ಬಹುದು ಅನ್ನೋದ್ರ ಮೇಲೆ ದೊಡ್ಡ ಜಗಳ ಇದೆ, ಅದನ್ನೆಲ್ಲ ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ನಿಂತೋಗುತ್ತೆ, ಅದಕ್ಕೆ ಕೂತು ಬರೀತಿದೀನಿ.

ಹೋದ ತಿಂಗಳು ಒಂದು ಭಾನುವಾರ ನನ್ ಜೊತೆ ಕೆಲ್ಸ ಮಾಡೋನೊಬ್ಬ ಅವನ ಜೀಪಲ್ಲಿ ಬಾರ್‌ಸ್ಟೋ ಅನ್ನೋ ಊರಿನ ಆಚೆ ಮರುಭೂಮಿಗೆ ಕರ್ಕೊಂಡು ಹೋಗಿದ್ದ. ದಾರಿಲಿ ಮರಳು ಜಾಸ್ತಿ ಇದೆ ಅಂತ ಪಕ್ಕಕ್ಕೆ ಗಿಡಗಳ ಮಧ್ಯೆ ಗಾಡಿ ಇಳಿಸ್ದ, ನಾನೂ ಬೇಡ ಅನ್ಲಿಲ್ಲ. ಇಳಿದು ಹಿಂದೆ ನೋಡ್ತೀನಿ, ನಮ್ಮ ಟೈರ್ ಜಾಡಿಗೆ ಒಂದು ಮೊಳ ದೂರ ಇಲ್ಲ, ಆಮೆ ಬಿಲ. ಕೆಳಗೆ ಚಪ್ಪಟೆ, ಮೇಲೆ ಕಮಾನು, ಅರ್ಧ ಚಂದ್ರನ ಥರ ಬಾಯಿ. ಜಾಡು ಬಿದ್ದ ಕಡೆ ಮಣ್ಣಿನ ಮೇಲಿನ ಪದರ ಹಪ್ಪಳ ಮುರಿದಂಗೆ ಮುರಿದಿತ್ತು. ಆ ಪದರ ಮತ್ತೆ ಕೂಡಿಕೊಳ್ಳೋಕೆ ಎಷ್ಟೋ ದಶಕ ಬೇಕು ಅಪ್ಪಾಜಿ, 1942ರಲ್ಲಿ ಯುದ್ಧದ ಟ್ರೇನಿಂಗಿಗೆ ಓಡಿಸಿದ ಟ್ಯಾಂಕ್‌ಗಳ ಜಾಡು ಈ ಮರುಭೂಮಿಲಿ ಇವತ್ತಿಗೂ ಕಾಣುತ್ತೆ. ಅವತ್ತು ರಾತ್ರಿ ನಂಗೆ ನಿದ್ದೆ ಹತ್ಲಿಲ್ಲ.

ಇಲ್ಲಿ ಹಿಂಗೆ ಮರುಭೂಮಿಲಿ ಗಾಡಿ ಓಡಿಸೋದ್ರ ಮೇಲೆ ವರ್ಷಾನುಗಟ್ಲೆಯಿಂದ ಕೋರ್ಟ್ ಕೇಸ್ ನಡೀತಿವೆ. ಜಮೀನು ಸರ್ಕಾರದ್ದು, ನೋಡ್ಕೊಳ್ಳೋದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅನ್ನೋ ಇಲಾಖೆ. 1972ರಲ್ಲೇ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಿದ್ರು, ಸರ್ಕಾರಿ ಜಮೀನಲ್ಲಿ ರಸ್ತೆ ಬಿಟ್ಟು ಓಡೋ ಗಾಡಿಗಳಿಗೆ ದಾರಿ ಗುರುತು ಮಾಡ್ಬೇಕಾದ್ರೆ ಮಣ್ಣಿಗೆ, ಗಿಡಕ್ಕೆ, ಪ್ರಾಣಿಗೆ ಆದಷ್ಟು ಕಮ್ಮಿ ಹಾನಿ ಆಗೋ ಕಡೆನೇ ಮಾಡಿ ಅಂತ. ಓಡಿಸ್ಲೇಬೇಡಿ ಅಂತ ಹೇಳಿಲ್ಲ ನೋಡಿ. ಆದ್ರೂ 2006ರಲ್ಲಿ ಪಶ್ಚಿಮ ಮೊಹಾವಿಗೆ ಇಲಾಖೆ ಮಾಡಿದ ಪ್ಲಾನಲ್ಲಿ 5000 ಮೈಲಿಗಿಂತ ಜಾಸ್ತಿ ದಾರಿ ಇತ್ತು, ಪರಿಸರದೋರು ಕೋರ್ಟಿಗೆ ಹೋದ್ರು, 2009ರಲ್ಲಿ ಜಡ್ಜ್ ಸೂಸನ್ ಇಲ್‌ಸ್ಟನ್ ಅದು ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ರು. ಇಲಾಖೆಯದೇ ನಿಯಮದ ಪ್ರಕಾರ 1980ರಲ್ಲಿ ಇದ್ದ ದಾರಿ ಮಾತ್ರ ಇರ್ಬೇಕಿತ್ತು, ಇವ್ರು ಆಮೇಲೆ ಹುಟ್ಟಿದ ದಾರಿನೂ ಸೇರಿಸಿದ್ರು. ಮೊದ್ಲು ಯಾರೋ ಗಾಡಿ ನುಗ್ಗಿಸಿ ಜಾಡು ಬೀಳಿಸ್ತಾರೆ, ಹಿಂದೆ ಬಂದೋರೂ ಅಲ್ಲೇ ಹೋಗ್ತಾರೆ, ಕೊನೆಗೆ ಅದು ನಕ್ಷೆಲಿ ದಾರಿ ಆಗ್ಬಿಡುತ್ತೆ, ನಮ್ ಕಡೆ ಅಕ್ರಮ ಸಕ್ರಮ ಅಂತೀವಲ್ಲ ಹಂಗೇ. ನಾವು ಆ ಭಾನುವಾರ ಮಾಡಿದ್ದೂ ಅದನ್ನೇ. 2019ರಲ್ಲಿ ಹೊಸ ಪ್ಲಾನ್ ಬಂತು, ಅದ್ರ ಮೇಲೂ ಕೇಸ್ ಬಿತ್ತು.

ಎಲ್ಲ ಕೇಸಲ್ಲೂ ಪರಿಸರದೋರೇ ಗೆದ್ದಿಲ್ಲ. ಯೂಟಾ ರಾಜ್ಯದ ಕೇಸಲ್ಲಿ ಇದೇ ಇಲಾಖೆ ಜಮೀನು ಕಾಯೋ ಕೆಲ್ಸನೇ ಮಾಡ್ತಿಲ್ಲ ಅಂತ ಹೋದೋರಿಗೆ 2004ರಲ್ಲಿ ಸುಪ್ರೀಂ ಕೋರ್ಟ್, ಕಾನೂನು ಇಂಥದ್ದೇ ಮಾಡು ಅಂತ ಹೇಳಿರೋ ನಿರ್ದಿಷ್ಟ ಕೆಲಸ ಬಿಟ್ಟಿದ್ರೆ ಮಾತ್ರ ನಾವು ಮಾಡಿಸಬಹುದು, ಒಟ್ಟಾರೆ ಚೆನ್ನಾಗಿ ನೋಡ್ಕೊಳ್ಳಿ ಅಂತ ಆಜ್ಞೆ ಮಾಡೋಕಾಗಲ್ಲ ಅಂದ್ಬಿಡ್ತು. ನಂಗೆ ಅದು ಇನ್ನೂ ಸಮಾಧಾನ ಆಗಿಲ್ಲ, ಕಾಯಬೇಕಾದೋರು ಸುಮ್ನೆ ಕೂತ್ರೆ ಜನ ಇನ್ಯಾರ ಹತ್ರ ಹೋಗ್ಬೇಕು?

ಗಾಡಿ ಓಡಿಸೋರ ಸಂಕಟನೂ ನಂಗೆ ಅರ್ಥ ಆಗುತ್ತೆ. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಬಂದು ಟೆಂಟ್ ಹಾಕಿ ಬೈಕ್ ಓಡಿಸ್ತಾರೆ, ಅವರಿಗೆ ಅದೇ ಜಾತ್ರೆ. ಒಂದಿನ ನೋಡಿದ್ರೆ ದಾರಿ ಬಂದ್ ಅಂತ ಬೋರ್ಡ್. ನಮ್ ಕುರಿ ಮೇಯೋ ಚಳ್ಳಕೆರೆ ಕಾವಲಿಗೆ ಬೇಲಿ ಬಿದ್ದಾಗ ಊರೋರು ಹಸಿರು ನ್ಯಾಯಮಂಡಳಿಗೆ ಹೋಗಿದ್ರಲ್ಲ, ಅವತ್ತು ನೀವು ಊಟ ಬಿಟ್ಟು ಜಗಲಿ ಮೇಲೆ ಕೂತಿದ್ದು ನೆನಪಾಯ್ತು. ಆದ್ರೆ ಈ ಗಾಡಿಯೋರಿಗೆ ಓಡಿಸೋಕೆ ಅಂತ್ಲೇ ಜಾನ್ಸನ್ ವ್ಯಾಲಿ ಥರ ಬೇರೆ ದೊಡ್ಡ ಜಾಗ ಬಿಟ್ಟಿದಾರೆ, ಆಮೆಗೆ ಬೇರೆ ಎಲ್ಲಿದೆ. ಹೆದರಿಸಿದ್ರೂ ಸಾಕು, ಮೈಯಲ್ಲಿ ಕೂಡಿಟ್ಟ ನೀರನ್ನೆಲ್ಲ ಉಚ್ಚೆ ಹೊಯ್ದುಬಿಡುತ್ತೆ, ಮಳೆ ಬರದಿದ್ರೆ ಅದಕ್ಕೇ ಸತ್ತೂ ಹೋಗ್ಬಹುದು.

ಆಮೆ ನೆರಳಿಗೆ ಅಂತ ನಿಂತ ಗಾಡಿ ಕೆಳಗೆ ಬಂದು ಕೂರುತ್ತಂತೆ. ಅದಕ್ಕೆ ಆ ಕಡೆ ಹೋದಾಗೆಲ್ಲ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಮೊಣಕಾಲೂರಿ ನಾಲ್ಕೂ ಗಾಲಿ ಹತ್ರ ನೋಡ್ತೀನಿ. ಜೀಪಿನೋನೂ ಈಗ ನೋಡ್ತಾನೆ.

ಕಾವಲಲ್ಲಿ ಈ ಸಲ ಹುಲ್ಲು ಹೆಂಗಿದೆ, ಕುರಿ ಎಷ್ಟು ಉಳ್ಕೊಂಡಿವೆ, ತಮ್ಮನ ಕೈಲಿ ಬರೆಸಿ ಕಳ್ಸಿ.

ನಿಮ್ಮ ಮಗ